ಭರತ ಹುಣ್ಣಿಮೆಯ ಮುನ್ನಾದಿನ ಬಂದ ಆದೇಶ

2014ರ ಫೆಬ್ರುವರಿ 13, ಗುರುವಾರ. ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ನೇತೃತ್ವದ ಪೀಠದ ಮುಂದೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂತು. ಅರ್ಜಿದಾರರು ಎಸ್.ಎಲ್. ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯವರು. ಕರ್ನಾಟಕದ ಹರಪನಹಳ್ಳಿ ತಾಲ್ಲೂಕಿನ ಗುಡ್ಡದ ದೇವಸ್ಥಾನವೊಂದರಲ್ಲಿ ಅಂದು ರಾತ್ರಿಯೇ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುತ್ತಾರೆ, ಅದನ್ನು ತಡೆಯಬೇಕು ಎಂಬುದು ಅವರ ಪ್ರಾರ್ಥನೆ. ವಾದ, ಪ್ರತಿವಾದ, ಮುಂದಿನ ತಾರೀಖು ಎಂದು ಎಳೆಯುವುದಕ್ಕೆ ಹೊತ್ತೇ ಇರಲಿಲ್ಲ. ಹಾಗೇನೂ ನಡೆಯದಂತೆ ಎಲ್ಲ ಕ್ರಮ ತೆಗೆದುಕೊಳ್ಳಬೇಕೆಂದು ಪೀಠ ಕರ್ನಾಟಕದ ಮುಖ್ಯ ಕಾರ್ಯದರ್ಶಿಗೆ ನಿರ್ದೇಶನ ಕೊಟ್ಟಿತು. ಮರುದಿನ ಭರತ ಹುಣ್ಣಿಮೆ.

ಮರುದಿನದ ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ದೇವಸ್ಥಾನದ ಹೆಸರು ‘ಉತ್ತರಂಗ ಮಾಲ ದುರ್ಗ’ ಎಂದು ಅಚ್ಚಾಗಿತ್ತು. ನಮ್ಮ ಕಡೆಯವರಿಗೆ ಅದು ಉಚ್ಚಂಗಿದುರ್ಗ. ಹೆಸರು ಕೆಟ್ಟಿದ್ದರೂ ಆದೇಶ ವಿಳಾಸ ತಪ್ಪಲಿಲ್ಲ. ಜಿಲ್ಲಾಡಳಿತ, ಪೊಲೀಸರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು ಎಲ್ಲರೂ ಗುಡ್ಡದ ಕಡೆ ನೋಡಲೇಬೇಕಾಯಿತು. ದೇಶದ ಅತಿ ದೊಡ್ಡ ನ್ಯಾಯಾಲಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಡವರ ಮನೆಯ ಹೆಣ್ಣುಮಗಳೊಬ್ಬಳ ಒಂದು ರಾತ್ರಿಯನ್ನು ಲೆಕ್ಕಕ್ಕೆ ಹಿಡಿದದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಒಂದು ದಿನದ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಾನೂನಿನ ಕಥೆಯಿದೆ. ಆ ಕಥೆಯಲ್ಲಿ ಒಬ್ಬ ವ್ಯಕ್ತಿಯ ಹೆಸರು ಎಲ್ಲಿಯೂ ಬರುವುದಿಲ್ಲ. ಆತ ಯಾರೆಂದು ಮುಂದೆ ಹೇಳುತ್ತೇನೆ.

ಉಚ್ಚಂಗಿದುರ್ಗ ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿ. ಹೊಯ್ಸಳ ಇಮ್ಮಡಿ ಬಲ್ಲಾಳ ಗೆದ್ದುಕೊಂಡ ಕೋಟೆ. ಆದರೆ ಜನ ಮೆಟ್ಟಿಲು ಹತ್ತುವುದು ಕೋಟೆ ನೋಡುವುದಕ್ಕಲ್ಲ, ಉಚ್ಚೆಂಗೆಮ್ಮನಿಗೆ. ಭರತ ಹುಣ್ಣಿಮೆ ಬಂತೆಂದರೆ ಎತ್ತಿನ ಗಾಡಿ, ಟ್ರ್ಯಾಕ್ಟರು, ಲಾರಿಗಳಲ್ಲಿ ಊರಿಗೆ ಊರೇ ಹೊರಡುತ್ತದೆ. ಹಾಲಮ್ಮನ ತೋಪಿನ ಸುತ್ತ ಬಿಡಾರ ಬೀಳುತ್ತದೆ. ಕಲ್ಲು ಹೂಡಿದ ಒಲೆಯ ಮೇಲೆ ಹೋಳಿಗೆ ಬೇಯುತ್ತದೆ, ಪಡ್ಲಿಗಿ ತುಂಬಿಸುತ್ತಾರೆ, ಹರಕೆ ಹೊತ್ತವರು ಬೇವಿನುಡಿಗೆ ಉಡುತ್ತಾರೆ, ಚೌಡಿಕೆಯ ದನಿ ರಾತ್ರಿಯೆಲ್ಲ ನಿಲ್ಲುವುದಿಲ್ಲ. ಅದೇ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲೂ ಜಾತ್ರೆ. ಈ ಭಕ್ತಿಯಲ್ಲಿ ಬಹುಪಾಲು ಯಾರಿಗೂ ಕೇಡು ಮಾಡದ್ದು. ವರ್ಷವಿಡೀ ಕೂಲಿ ಮಾಡಿದವರು ದೇವಿಯ ಮುಂದೆ ಎರಡು ದಿನ ಹಗುರಾಗುವುದನ್ನು ಕಂಡು ಮೂಗು ಮುರಿಯುವವರ ಜೊತೆ ನಾನು ನಿಲ್ಲಲಾರೆ.

ಕೇಡು ಇರುವುದು ಒಂದು ಸಣ್ಣ ಸರದಲ್ಲಿ. ಕೆಂಪು ಬಿಳಿ ಮಣಿಗಳನ್ನು ದಾರಕ್ಕೆ ಪೋಣಿಸಿದ ಸರ ಅದು, ಅದನ್ನೇ ಮುತ್ತು ಎನ್ನುತ್ತಾರೆ. ಹುಡುಗಿಗೆ ಎಣ್ಣೆ ನೀರು ಎರೆದು, ಹೊಸ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕೂರಿಸುತ್ತಾರೆ. ಹಿರಿಯ ಜೋಗತಿಯೊಬ್ಬಳು ಅದನ್ನು ಕೊರಳಿಗೆ ಕಟ್ಟುತ್ತಾಳೆ. ಅಕ್ಕಿಕಾಳು ಬೀಳುತ್ತವೆ, ಊಟವಾಗುತ್ತದೆ. ನೋಡಿದವರಿಗೆ ಮದುವೆಯೇ, ಆದರೆ ಪಕ್ಕದಲ್ಲಿ ಗಂಡು ಇರುವುದಿಲ್ಲ. ಮುಂದೆ ಅವಳು ಯಾರನ್ನೂ ಮದುವೆಯಾಗುವಂತಿಲ್ಲ. ತವರಿನಲ್ಲೇ ಇದ್ದು ತಂದೆ ತಾಯಿಯನ್ನು ಸಾಕಬೇಕು. ಮೈ ನೆರೆದ ಮೇಲೆ ಊರಿನ ಅನುಕೂಲಸ್ಥನೊಬ್ಬ ಆಕೆಯನ್ನು ‘ಇಟ್ಟುಕೊಳ್ಳುತ್ತಾನೆ’. ಮಕ್ಕಳಾಗುತ್ತವೆ. ಕೆಲವು ವರ್ಷಕ್ಕೆ ಆತ ಬರುವುದನ್ನು ನಿಲ್ಲಿಸುತ್ತಾನೆ. ಆತನ ಮನೆ, ಹೊಲ, ಹೆಂಡತಿ ಮಕ್ಕಳು ಎಲ್ಲ ಅದೇ ಊರಿನಲ್ಲಿ ಇದ್ದಂತೆಯೇ ಇರುತ್ತವೆ. ಈಕೆಯ ಮಕ್ಕಳು ಶಾಲೆಗೆ ಹೋದಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಸೋದರಮಾವನ ಹೆಸರೋ ಅಜ್ಜನ ಹೆಸರೋ ಬರುತ್ತದೆ. ಕಾನೂನಿನ ಕಥೆಯಲ್ಲಿ ಎಲ್ಲಿಯೂ ಹೆಸರು ಬಾರದ ವ್ಯಕ್ತಿ ಈತನೇ.

ಬಳ್ಳಾರಿ ಜಿಲ್ಲೆಯಲ್ಲಿ ಇದಕ್ಕೆ ಹಳೆಯ ಹೆಸರು ಬಸವಿ ಬಿಡುವುದು. ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ 1890ರ ದಶಕದ ಆರಂಭದಲ್ಲೇ ಬಸವಿಯರ ಬಗ್ಗೆ ದೀರ್ಘವಾಗಿ ಬರೆದ. ಡಬ್ಲ್ಯು. ಫ್ರಾನ್ಸಿಸ್ 1904ರ ಬಳ್ಳಾರಿ ಗೆಜೆಟಿಯರಿನಲ್ಲಿ ಅದನ್ನು ದಾಖಲಿಸಿದ. ಇಬ್ಬರೂ ಗಮನಿಸಿದ್ದು ಒಂದೇ ವಿಚಿತ್ರ: ಗಂಡು ಸಂತಾನವಿಲ್ಲದ ಮನೆಯವರು ಮಗಳನ್ನು ಬಸವಿ ಬಿಡುತ್ತಾರೆ, ಬಿಟ್ಟ ಮೇಲೆ ಆಕೆಗೆ ಗಂಡುಮಗನ ಹಕ್ಕು ಬರುತ್ತದೆ. ಆಸ್ತಿ ಅವಳದು, ಅಪ್ಪನ ಕರ್ಮ ಮಾಡುವವಳು ಅವಳು, ಅವಳ ಮಕ್ಕಳು ಅಜ್ಜನ ಮನೆತನದವರು. ಇದನ್ನು ಹಿಡಿದು ಈ ಪದ್ಧತಿಯಲ್ಲಿ ಹೆಣ್ಣಿಗೆ ಸ್ವಾತಂತ್ರ್ಯವಿತ್ತು ಎಂದು ವಾದಿಸುವವರು ಈಗಲೂ ಇದ್ದಾರೆ. ಮಾದಿಗರ, ಛಲವಾದಿಗಳ, ಬೇಡರ ಕೇರಿಗಳಲ್ಲಿ ಆ ಹಕ್ಕಿನಿಂದ ಕೈಗೆ ಬಂದ ಆಸ್ತಿ ಎಷ್ಟು ಎಂದು ಕೇಳಿದರೆ ಆ ವಾದ ಅಲ್ಲೇ ನಿಲ್ಲುತ್ತದೆ. ಒಂದು ಗುಡಿಸಲು, ಒಂದೆರಡು ಎಕರೆ ಮಳೆಯಾಶ್ರಯದ ಮಸಾರಿ, ಅದೂ ಇದ್ದರೆ. ಹಕ್ಕಿನ ಹೆಸರಿನಲ್ಲಿ ಆಕೆಗೆ ಬಂದದ್ದು ಮುಪ್ಪಿನ ತಂದೆ ತಾಯಿಯನ್ನು ಸಾಕುವ ಹೊಣೆ.

ಬ್ರಿಟಿಷರ ಕೋರ್ಟುಗಳು ಈ ವಿಷಯದಲ್ಲಿ ಎರಡು ಮುಖ ತೋರಿಸಿದವು. ಕ್ರಿಮಿನಲ್ ಕಡೆ ಭಾರತೀಯ ದಂಡ ಸಂಹಿತೆಯ 372 ಮತ್ತು 373ನೇ ಕಲಮುಗಳು ಅಪ್ರಾಪ್ತ ಹುಡುಗಿಯನ್ನು ವೇಶ್ಯಾವೃತ್ತಿಗೆಂದು ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧ ಎಂದಿದ್ದವು. ಗುಡಿಗೆ ಬಿಡುವುದೂ ಅದೇ ಅಪರಾಧ ಎಂದು ಮದ್ರಾಸ್ ಹೈಕೋರ್ಟು ಹಲವು ಮೊಕದ್ದಮೆಗಳಲ್ಲಿ ಹೇಳಿತು. ಸಿವಿಲ್ ಕಡೆ ಅದೇ ಕೋರ್ಟು ದೇವದಾಸಿಯರ ದತ್ತು, ಉತ್ತರಾಧಿಕಾರಗಳನ್ನು ರೂಢಿಯ ಹೆಸರಿನಲ್ಲಿ ಮನ್ನಿಸಿತು. ಹಾಗಾಗಿ ಬಸವಿ ಎಂಬುವಳು ಒಂದು ಕಡತದಲ್ಲಿ ಅಪರಾಧದ ಬಲಿ, ಇನ್ನೊಂದು ಕಡತದಲ್ಲಿ ವಾರಸುದಾರಳು. ಎರಡೂ ಕಡತಗಳಲ್ಲಿ ಆಕೆಯ ಮಕ್ಕಳ ತಂದೆಗೆ ಸಮನ್ಸ್ ಹೋಗಲಿಲ್ಲ.

ಕನ್ನಡ ನಾಡು ಆಗ ಹಲವು ಆಡಳಿತಗಳ ಕೆಳಗೆ ಹಂಚಿಹೋಗಿತ್ತು. ಹಾಗೆಯೇ ದೇವದಾಸಿ ಕಾನೂನೂ ಹಂಚಿಹೋಗಿತ್ತು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಮುಂಬಯಿ ಪ್ರಾಂತ್ಯ 1934ರಲ್ಲಿ ಕಾಯಿದೆ ಮಾಡಿತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಮ್ಮ ತಾಲ್ಲೂಕುಗಳ ಕಥೆ ಅಲ್ಲಿಯದು. 1927ರಲ್ಲಿ ಮದ್ರಾಸ್ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಈ ಪದ್ಧತಿಯ ವಿರುದ್ಧ ನಿರ್ಣಯ ಮಂಡಿಸಿದರು. ಅವರ ತಾಯಿಯೇ ದೇವದಾಸಿ ಕುಲದವರು. ಎದುರು ನಿಂತವರಲ್ಲಿ ಮುಂಚೂಣಿಯಲ್ಲಿದ್ದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ದೇವದಾಸಿಯರೆಲ್ಲರನ್ನೂ ವೇಶ್ಯೆಯರೆಂದು ಕರೆಯುವ ಕಾನೂನು ತಮ್ಮ ಸಂಗೀತವನ್ನೂ ನಾಟ್ಯವನ್ನೂ ಮಾನವನ್ನೂ ಒಟ್ಟಿಗೆ ಮುಳುಗಿಸುತ್ತದೆ ಎಂಬುದು ಅವರ ಸಂಕಟವಾಗಿತ್ತು. ಇಬ್ಬರೂ ದೊಡ್ಡ ಹೆಂಗಸರು, ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಆದರೆ ಆ ಚರ್ಚೆ ನಡೆದದ್ದು ತಂಜಾವೂರು, ಮದ್ರಾಸು, ಬೆಂಗಳೂರುಗಳ ದೊಡ್ಡ ಗುಡಿಗಳ ಕಲಾವಿದೆಯರ ಸುತ್ತ. ಕೂಡ್ಲಿಗಿಯ ಕೂಲಿಕಾರನ ಮಗಳು ಬಸವಿ ಆ ಚರ್ಚೆಯ ಅಂಚಿನಲ್ಲಿಯೂ ಇರಲಿಲ್ಲ.

ಅದರ ಪರಿಣಾಮ ಮೊದಲ ಕಾನೂನಿನಲ್ಲೇ ಕಾಣುತ್ತದೆ. 1929ರಲ್ಲಿ ಮದ್ರಾಸ್ ಸರ್ಕಾರ ಹಿಂದೂ ಧಾರ್ಮಿಕ ದತ್ತಿ ಕಾಯಿದೆಗೆ ತಿದ್ದುಪಡಿ ತಂದು ದೇವದಾಸಿಯರ ಇನಾಮು ಜಮೀನನ್ನು ಗುಡಿಯ ಸೇವೆಯಿಂದ ಬಿಡಿಸಿತು. ಸೇವೆ ಬಿಟ್ಟರೂ ಜಮೀನು ಉಳಿಯುತ್ತದೆ ಎಂಬ ಭರವಸೆ ಅದು. ಒಳ್ಳೆಯ ಕಾನೂನೇ ಸರಿ, ಆದರೆ ಅದರ ಫಲ ಇನಾಮು ಇದ್ದವರಿಗೆ. ಬಸವಿಯರಲ್ಲಿ ಬಹುತೇಕರಿಗೆ ಇನಾಮೂ ಇಲ್ಲ, ಗುಡಿಯ ಪಟ್ಟಿಯಲ್ಲಿ ಹೆಸರೂ ಇಲ್ಲ. ಮಡಿವಾಳರ ಕೇರಿ, ಊರ ಹೊರಗಿನ ಮರದ ಬುಡ, ಅಮ್ಮನ ಗುಡಿ, ಎಲ್ಲಿ ಬೇಕಾದರೂ ಮುತ್ತು ಕಟ್ಟಬಹುದಿತ್ತು. ಕೊನೆಗೆ 1947ರ ಮದ್ರಾಸ್ ದೇವದಾಸಿ ಕಾಯಿದೆ ಬಂತು. ದೇವರಿಗೆ ಬಿಡುವುದೇ ಅಪರಾಧವಾಯಿತು, ಬಿಡಲ್ಪಟ್ಟವಳಿಗೆ ಮದುವೆಯಾಗುವ ಹಕ್ಕು ಬಂತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯ ಸೇರಿದಾಗ ಆ ಕಾಯಿದೆಯೂ ಗಂಟುಮೂಟೆಯೊಂದಿಗೆ ಜೊತೆಗೇ ಬಂತು. ಏಕೀಕರಣದ ನಂತರವೂ ಕರ್ನಾಟಕದಲ್ಲಿ ಮುಂಬಯಿ ಕಾಯಿದೆ ಒಂದು ಕಡೆ, ಮದ್ರಾಸ್ ಕಾಯಿದೆ ಇನ್ನೊಂದು ಕಡೆ ಎಂಬಂತೆ ದಶಕಗಳೇ ಕಳೆದವು. ಹುಣ್ಣಿಮೆಗಳು ಬಂದು ಹೋಗುತ್ತಲೇ ಇದ್ದವು.

1982ರಲ್ಲಿ ರಾಜ್ಯದ ಶಾಸನಸಭೆ ಇಡೀ ಕರ್ನಾಟಕಕ್ಕೆ ಒಂದೇ ಕಾಯಿದೆ ಮಾಡಿತು: ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯಿದೆ. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ 1984ರಲ್ಲಿ ಜಾರಿಗೆ ಬಂತು. ಹಳೆಯ ಎರಡೂ ಕಾಯಿದೆಗಳು ರದ್ದಾದವು. ಇದರ ಶಿಕ್ಷೆಯ ಕಲಮನ್ನು ನಿಧಾನವಾಗಿ ಓದಬೇಕು. ಮುತ್ತು ಕಟ್ಟುವ ಶಾಸ್ತ್ರ ಮಾಡಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ. ತಪ್ಪು ಮಾಡಿದವರು ಹುಡುಗಿಯ ತಂದೆ ತಾಯಿ, ಪೋಷಕರು ಅಥವಾ ಬಂಧುಗಳಾಗಿದ್ದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಸೆರೆವಾಸ, 2,000ದಿಂದ 5,000 ರೂಪಾಯಿ ದಂಡ.

ಹೆತ್ತವರ ಹೊಣೆ ದೊಡ್ಡದು, ಆದ್ದರಿಂದ ಶಿಕ್ಷೆಯೂ ದೊಡ್ಡದು ಎಂಬುದು ಶಾಸನ ಬರೆದವರ ತರ್ಕ. ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಊರಿನಲ್ಲಿ ಅದು ಏನಾಗುತ್ತದೆ ನೋಡಿ. ದೂರು ಕೊಡಬೇಕಾದವಳು ಹನ್ನೆರಡು ಹದಿಮೂರು ವರ್ಷದ ಹುಡುಗಿ. ದೂರು ಕೊಟ್ಟರೆ ಜೈಲಿಗೆ ಹೋಗುವವಳು ಅವಳ ತಾಯಿ. ಆ ತಾಯಿಯೂ ಎಷ್ಟೋ ಸಲ ಸ್ವತಃ ಮುತ್ತು ಕಟ್ಟಿಸಿಕೊಂಡವಳು, ಗಂಡನಿಲ್ಲದವಳು, ಮನೆಯಲ್ಲಿ ದುಡಿಯುವ ಏಕೈಕ ಕೈ. ಶಾಸ್ತ್ರ ಮಾಡಿಸಿದ ಜೋಗತಿಗೆ ತಾಯಿಗಿಂತ ಕಡಿಮೆ ಶಿಕ್ಷೆ. ಹುಡುಗಿಯನ್ನು ಇಟ್ಟುಕೊಂಡ ಗಂಡಸು ಶಾಸ್ತ್ರದ ದಿನ ಅಲ್ಲಿ ಇರಲೇ ಇಲ್ಲ. ಆತನ ಬಗ್ಗೆ ಈ ಕಾಯಿದೆ ಮಾತೇ ಆಡಲಿಲ್ಲ. ಕಾಯಿದೆ ಬಂದ ನಂತರ ದಶಕಗಳವರೆಗೆ ಪೊಲೀಸ್ ಠಾಣೆಗಳಲ್ಲಿ ಬೆರಳೆಣಿಕೆಯಷ್ಟೇ ಪ್ರಕರಣಗಳು ದಾಖಲಾದವು. ಅದಕ್ಕೆ ಭಕ್ತಿ, ಅಜ್ಞಾನ, ಪೊಲೀಸರ ಉದಾಸೀನ ಎಂದು ಕಾರಣ ಹೇಳುತ್ತಾರೆ. ಅವೂ ಇರಬಹುದು. ನನ್ನ ಮಟ್ಟಿಗೆ ಮೊದಲ ಕಾರಣ ಕಾಯಿದೆಯ ಹೊಟ್ಟೆಯಲ್ಲೇ ಇದೆ: ಅದು ಹೆತ್ತವಳ ಬಾಗಿಲಿಗೆ ಬಂದು ನಿಂತಿತು, ಅಪ್ಪನಾದವನ ಬಾಗಿಲು ತಟ್ಟಲಿಲ್ಲ.

ಎಣಿಕೆಯೂ ಇದೇ ಗಂಟಿನಲ್ಲಿ ಸಿಕ್ಕಿಕೊಂಡಿತು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ 1993-94ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಸಿಕ್ಕರು. 2007-08ರ ಸಮೀಕ್ಷೆಯಲ್ಲಿ ಇನ್ನೂ 23,787 ಮಂದಿ ಸೇರಿ ಒಟ್ಟು 46,660 ಆಯಿತು. ಬಳ್ಳಾರಿ ಸೀಮೆ ಈ ಪಟ್ಟಿಯ ದೊಡ್ಡ ಪಾಲುದಾರ. ಮಾಸಾಶನ, ಮನೆ, ಸಾಲ ಎಲ್ಲ ಈ ಪಟ್ಟಿಯಲ್ಲಿದ್ದವರಿಗೆ ಮಾತ್ರ. ಪಟ್ಟಿಗೆ ಸೇರದ ವಯಸ್ಸಾದ ಹೆಂಗಸರು ವರ್ಷಗಟ್ಟಲೆ ಕಚೇರಿ ಸುತ್ತಿದರು. ಇನ್ನು 1984ರ ನಂತರ ಮುತ್ತು ಕಟ್ಟಿಸಿಕೊಂಡವಳ ಪಾಡು ಬೇರೆಯೇ. ಅವಳ ಹೆಸರು ಬರೆದುಕೊಂಡರೆ ಅಪರಾಧ ನಡೆದಿದೆ ಎಂದು ಸರ್ಕಾರ ಒಪ್ಪಿದ ಹಾಗೆ. ಅವಳು ಹೆಸರು ಬರೆಸಿದರೆ ತಾಯಿಯ ಮೇಲೆ ದೂರು ಕೊಟ್ಟ ಹಾಗೆ. ಹೀಗಾಗಿ ಎಣಿಸುವವರೂ ಎಣಿಕೆಗೆ ಸಿಗಬೇಕಾದವರೂ ಒಬ್ಬರ ಮುಖ ಒಬ್ಬರು ನೋಡದೆ ದಾಟಿಹೋದರು. ಹರಪನಹಳ್ಳಿಯವರಿಗೆ ಇದರ ಮೇಲೆ ಇನ್ನೊಂದು ಗೋಳು. ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಪ್ರತಿ ಸಲವೂ ಅರ್ಜಿ ಹಿಡಿದು ಹೋಗಬೇಕಾದ ಜಿಲ್ಲಾ ಕಚೇರಿ ಬದಲಾಯಿತು.

ದೆಹಲಿಯ ದಾರಿ ತೆರೆದದ್ದು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಕಾಲದಲ್ಲಿ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿತವನ್ನೂ ನಿಷೇಧಿಸುತ್ತದೆ. ಮೂಲಭೂತ ಹಕ್ಕಿಗೆ ಧಕ್ಕೆ ಬಂದಾಗ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ನೊಂದವಳೇ ಬರಬೇಕಿಲ್ಲ, ಅವಳ ಪರವಾಗಿ ಯಾರಾದರೂ ಬರಬಹುದು ಎಂದು 1980ರ ದಶಕದಲ್ಲಿ ಕೋರ್ಟು ಬಾಗಿಲು ಅಗಲ ಮಾಡಿತು. ವಿಶಾಲ್ ಜೀತ್ ಎಂಬ ವಕೀಲರು ದೇವದಾಸಿಯರ, ಜೋಗಿನಿಯರ, ವೇಶ್ಯಾವೃತ್ತಿಗೆ ದೂಡಲ್ಪಟ್ಟ ಮಕ್ಕಳ ಪರವಾಗಿ ಅರ್ಜಿ ಹಾಕಿ ಸಿಬಿಐ ತನಿಖೆ ಕೇಳಿದರು. 1990ರ ಮೇ 2ರಂದು ನ್ಯಾಯಮೂರ್ತಿ ಎಸ್. ರತ್ನವೇಲ್ ಪಾಂಡಿಯನ್ ಅವರ ಪೀಠ ತೀರ್ಪು ಕೊಟ್ಟಿತು. ದೇಶದುದ್ದಕ್ಕೂ ಸಿಬಿಐ ತನಿಖೆ ಆಗದ ಮಾತು ಎಂದ ಕೋರ್ಟು, ಸರ್ಕಾರಗಳು ಸಲಹಾ ಸಮಿತಿಗಳನ್ನು ರಚಿಸಬೇಕು, ಪುನರ್ವಸತಿಗೆ ಯೋಜನೆ ಹಾಕಬೇಕು ಎಂದು ನಿರ್ದೇಶಿಸಿತು. 1997ರ ಗೌರವ್ ಜೈನ್ ಪ್ರಕರಣದಲ್ಲಿ ವೇಶ್ಯೆಯರ ಮಕ್ಕಳ ಬದುಕಿನ ಪ್ರಶ್ನೆ ಬಂದಾಗ ದೇವದಾಸಿಯರ ಮಾತೂ ಬಂತು. ಸಮಿತಿಗಳಾದವು, ವರದಿಗಳಾದವು.

ಅದಕ್ಕೇ 2014ರ ಆದೇಶ ಬೇರೆ ಜಾತಿಯದು. ಅಲ್ಲಿ ಸಮಿತಿಯಿಲ್ಲ. ಒಂದು ಊರು, ಒಂದು ಗುಡ್ಡ, ಒಂದು ರಾತ್ರಿ, ಒಬ್ಬ ಹೊಣೆಗಾರ ಅಧಿಕಾರಿ ಇದ್ದರು. ಕೋರ್ಟಿನ ಮಾತು ಹೀಗೆ ತಾರೀಖು ಹಾಕಿಕೊಂಡು ಬಂದಾಗ ಮಾತ್ರ ಆಡಳಿತ ಓಡುತ್ತದೆ. ಅರ್ಜಿ ಅಷ್ಟಕ್ಕೇ ಮುಗಿಯಲಿಲ್ಲ, ದೇಶದಾದ್ಯಂತ ಪದ್ಧತಿ ತಡೆಯಲು ಮಾರ್ಗಸೂಚಿ ಬೇಕೆಂಬ ಕೋರಿಕೆಯ ಮೇಲೆ ನಡೆಯುತ್ತ ಹೋಯಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಉತ್ತರ ಕೊಡುವುದಕ್ಕೇ ತಡ ಮಾಡಿ 2015ರಲ್ಲಿ 25,000 ರೂಪಾಯಿ ದಂಡ ತೆತ್ತಿತು. 2016ರ ಫೆಬ್ರುವರಿಯಲ್ಲಿ ಕೋರ್ಟು ಎಲ್ಲ ರಾಜ್ಯಗಳಿಗೂ ಇರುವ ಕಾನೂನನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದು ಹೇಳಿ ಅರ್ಜಿ ಇತ್ಯರ್ಥ ಮಾಡಿತು. ಇರುವ ಕಾನೂನು ಎಂದರೆ ನಮಗೆ ಆಗ 1982ರದೇ, ತಾಯಿಗೆ ಐದು ವರ್ಷ ಎನ್ನುವುದೇ.

ಹಾಗಾದರೆ ದೆಹಲಿಯ ಆಚೆ ದಾರಿ ಇದೆಯೇ? ಈ ಪ್ರಶ್ನೆಯನ್ನು ಕೂಡ್ಲಿಗಿಯ ಹೆಣ್ಣುಮಗಳ ಪರವಾಗಿ ಕೇಳುವುದು ಅತಿಶಯವೆನಿಸಬಹುದು. ಆದರೆ ಅವಳಂಥವಳೇ ಒಬ್ಬಳು ಅಂಥ ಕೋರ್ಟಿಗೆ ಹೋಗಿ ಗೆದ್ದು ಬಂದಿದ್ದಾಳೆ. ಆಫ್ರಿಕದ ನೈಜರ್ ದೇಶದ ಹದಿಜತು ಮಾನಿ. 1996ರಲ್ಲಿ ಹನ್ನೆರಡು ವರ್ಷದವಳಿದ್ದಾಗ ಆಕೆಯನ್ನು 2,40,000 ಸಿಎಫ್‌ಎ ಫ್ರಾಂಕಿಗೆ ಒಬ್ಬ ಗಂಡಸಿಗೆ ಮಾರಿದರು. ಅಲ್ಲಿ ಅದಕ್ಕೆ ‘ವಹಾಯ’ ಎಂಬ ರೂಢಿಯ ಹೆಸರಿದೆ. ಹೆಂಡತಿಯಲ್ಲ, ಆಳೂ ಹೌದು ಹಾಸಿಗೆಯೂ ಹೌದು. ಒಂಬತ್ತು ವರ್ಷ ದುಡಿದಳು, ಮಕ್ಕಳನ್ನು ಹೆತ್ತಳು. 2005ರಲ್ಲಿ ಬಿಡುಗಡೆ ಪತ್ರ ಸಿಕ್ಕಿತು. ಬೇರೊಬ್ಬನನ್ನು ಮದುವೆಯಾದಾಗ ಹಳೆಯ ಯಜಮಾನ ಈಕೆ ನನ್ನ ಹೆಂಡತಿ ಎಂದು ತಗಾದೆ ತೆಗೆದ. ಎರಡನೇ ಮದುವೆಯಾದ ಅಪರಾಧ ಹೊರಿಸಿ ಅಲ್ಲಿಯ ಕೋರ್ಟು ಆಕೆಯನ್ನೇ ಆರು ತಿಂಗಳ ಜೈಲಿಗೆ ಹಾಕಿತು.

ಅವಳ ಪರವಾಗಿ ನಿಂತವರು ನೈಜರಿನ ವಕೀಲ ಅಬ್ದುರಹಮಾನ್ ಶೈಬು, ಮತ್ತು ಲಂಡನ್ನಿನ ಇಂಟರ್‌ರೈಟ್ಸ್ ಸಂಸ್ಥೆಯಿಂದ ಅಂತರರಾಷ್ಟ್ರೀಯ ಕೋರ್ಟುಗಳಲ್ಲಿ ಮಾನವ ಹಕ್ಕುಗಳ ಮೊಕದ್ದಮೆ ನಡೆಸಿ ಹೆಸರಾದ ಹೆಲೆನ್ ಡಫಿ. ಪ್ರಕರಣ ಪಶ್ಚಿಮ ಆಫ್ರಿಕ ರಾಷ್ಟ್ರಗಳ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. ಸಾಕ್ಷಿಗಳಿಗೆ ಅನುಕೂಲವಾಗಲೆಂದು ಆ ಕೋರ್ಟೇ ನೈಜರಿನ ರಾಜಧಾನಿ ನಿಯಾಮೆಗೆ ಬಂದು ಕುಳಿತು ಕೇಳಿತು. ಗುಲಾಮಗಿರಿಯನ್ನು 2003ರಲ್ಲೇ ಅಪರಾಧ ಮಾಡಿದ್ದೇವೆ ಎಂಬುದು ಸರ್ಕಾರದ ಸಮರ್ಥನೆ. 2008ರ ಅಕ್ಟೋಬರ್ 27ರಂದು ತೀರ್ಪು ಬಂತು. ಕಾನೂನು ಇದ್ದರೆ ಸಾಲದು, ಆಕೆ ಗುಲಾಮಳೆಂದು ಗೊತ್ತಾದ ಮೇಲೂ ರೂಢಿಯೆಂದು ಸುಮ್ಮನಿದ್ದ ಸರ್ಕಾರವೇ ಹೊಣೆ ಎಂದು ಕೋರ್ಟು ಹೇಳಿತು. ಒಂದು ಕೋಟಿ ಸಿಎಫ್‌ಎ ಫ್ರಾಂಕು ಪರಿಹಾರ ಕೊಡಿಸಿತು. ಈ ತೀರ್ಪಿನ ಸಾರವನ್ನು ಕನ್ನಡದಲ್ಲಿ ಓದುವ ಯಾರಿಗೂ 1984ರ ನಂತರದ ಕರ್ನಾಟಕ ನೆನಪಾಗದೆ ಇರದು.

ಆದರೆ ಹದಿಜತು ಹೋದ ದಾರಿ ನಮ್ಮವಳಿಗಿಲ್ಲ. ಯುರೋಪಿಗೆ ಸ್ಟ್ರಾಸ್‌ಬರ್ಗಿನಲ್ಲಿ, ಅಮೆರಿಕ ಖಂಡಗಳಿಗೆ ಸ್ಯಾನ್ ಹೋಸೆಯಲ್ಲಿ, ಆಫ್ರಿಕಕ್ಕೆ ಅರುಷಾದಲ್ಲಿ ಮಾನವ ಹಕ್ಕುಗಳ ಕೋರ್ಟುಗಳಿವೆ. ಏಷ್ಯಾಕ್ಕೆ ಒಂದೂ ಇಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 1952-53ರಲ್ಲಿ ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್ ನ್ಯಾಯಾಧೀಶರಾಗಿದ್ದರು. ಅಲ್ಲಿ ದೇಶಗಳು ಮಾತ್ರ ವಾದಿ ಪ್ರತಿವಾದಿಗಳು, ವ್ಯಕ್ತಿಗೆ ಪ್ರವೇಶವಿಲ್ಲ. ಉಳಿದದ್ದು ವಿಶ್ವಸಂಸ್ಥೆಯ ಮಹಿಳಾ ತಾರತಮ್ಯ ನಿವಾರಣಾ ಒಡಂಬಡಿಕೆ. ಭಾರತ ಅದಕ್ಕೆ 1980ರಲ್ಲಿ ಸಹಿ ಹಾಕಿತು, 1993ರ ಜುಲೈ 9ರಂದು ಸ್ಥಿರೀಕರಿಸಿತು. ಆಗಲೇ ಕೆಲವು ಕದಗಳನ್ನು ಒಳಗಿನಿಂದ ಚಿಲಕ ಹಾಕಿತು. ಒಡಂಬಡಿಕೆಯ ವಿಚಾರದಲ್ಲಿ ದೇಶ ದೇಶಗಳ ನಡುವೆ ತಕರಾರು ಬಂದರೆ ಹೇಗ್‌ಗೆ ಹೋಗಬಹುದೆನ್ನುವ 29ನೇ ಅನುಚ್ಛೇದ ನಮಗೆ ಬೇಡವೆಂದಿತು. ಹೆಣ್ಣನ್ನು ಕೀಳುಮಾಡುವ ರೂಢಿಗಳನ್ನು ಬದಲಿಸಬೇಕೆನ್ನುವ 5ನೇ ಅನುಚ್ಛೇದದ ಬಗ್ಗೆ, ಯಾವುದೇ ಸಮುದಾಯದ ವೈಯಕ್ತಿಕ ವಿಷಯಗಳಲ್ಲಿ ಆ ಸಮುದಾಯದ ಒಪ್ಪಿಗೆಯಿಲ್ಲದೆ ಕೈ ಹಾಕುವುದಿಲ್ಲ ಎಂಬ ಷರತ್ತು ಬರೆಯಿತು. ನೊಂದ ಹೆಣ್ಣು ತನ್ನ ದೇಶದ ಕೋರ್ಟುಗಳನ್ನೆಲ್ಲ ಮುಗಿಸಿ ನೇರವಾಗಿ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು 1999ರಲ್ಲಿ ಬೇರೆಯೇ ಒಪ್ಪಂದ ಬಂತು. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ ಅದಕ್ಕೆ ಸೇರಿದವು. ಭಾರತ ಸೇರಲಿಲ್ಲ. ಇದು ನಾನು ನಮ್ಮ ಸರ್ಕಾರಗಳ ಮೇಲೆ, ಪಕ್ಷಭೇದವಿಲ್ಲದೆ, ಹೊರಿಸುವ ದೂರು.

ದೂರು ಒಯ್ಯಲು ದಾರಿಯಿಲ್ಲದಿದ್ದರೂ ಮಾತು ತಲುಪಿತು. 2000ದಲ್ಲಿ ಭಾರತದ ಮೊದಲ ವರದಿಯನ್ನು ಪರಿಶೀಲಿಸಿದ ಆ ಸಮಿತಿ ವರದಕ್ಷಿಣೆ, ಜಾತಿ ತಾರತಮ್ಯಗಳ ಜೊತೆ ದೇವದಾಸಿ ಪದ್ಧತಿಯನ್ನೂ ಹೆಸರಿಸಿ, ಇರುವ ಕಾನೂನನ್ನು ಜಾರಿ ಮಾಡಿ ಎಂದು ಹೇಳಿತು. 2022ರ ಅಕ್ಟೋಬರಿನಲ್ಲಿ ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ದೂರು ದಾಖಲಿಸಿಕೊಂಡು ಕೇಂದ್ರಕ್ಕೂ ಕರ್ನಾಟಕ ಸೇರಿ ಆರು ರಾಜ್ಯಗಳಿಗೂ ನೋಟಿಸ್ ಕೊಟ್ಟಿತು.

ಆದರೂ ನಿಜವಾದ ತಿರುವು ವಿಶ್ವಸಂಸ್ಥೆಯಿಂದಲೂ ದೆಹಲಿಯಿಂದಲೂ ಬರಲಿಲ್ಲ. ದೇವದಾಸಿ ಮಹಿಳೆಯರ ವಿಮೋಚನಾ ಸಂಘದವರು ವರ್ಷಗಟ್ಟಲೆ ತಾಲ್ಲೂಕು ಕಚೇರಿಗಳ ಮುಂದೆ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತರು. ಮಾಸಾಶನ ಹೆಚ್ಚಿಸಿ, ಬಿಟ್ಟುಹೋದವರ ಗಣತಿ ಮಾಡಿ, ಭೂಮಿ ಕೊಡಿ ಎಂಬ ಬೇಡಿಕೆಗಳ ಜೊತೆ ಮಕ್ಕಳ ಪ್ರಶ್ನೆ ಸೇರಿಕೊಂಡಿತು. ದೇವದಾಸಿಯರ ಮಕ್ಕಳು ಓದಿ ಬೆಳೆದು ತಾವೇ ಮಾತಾಡತೊಡಗಿದ ಮೇಲೆ ಮಾತಿನ ದಿಕ್ಕೇ ಬದಲಾಯಿತು. ತಾಯಂದಿರು ಅನುಕಂಪ ಕೇಳಿದ್ದರು, ಮಕ್ಕಳು ಹಕ್ಕು ಕೇಳಿದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸಾಮಾಜಿಕ ಬಹಿಷ್ಕಾರ ಅಧ್ಯಯನ ಕೇಂದ್ರದವರು ಈ ಮಹಿಳೆಯರ, ಮಕ್ಕಳ ಜೊತೆ ಕುಳಿತು ಹೊಸ ಮಸೂದೆಯೊಂದರ ಕರಡು ಮಾಡಿ 2018ರಲ್ಲಿ ಮುಂದಿಟ್ಟರು. ಸರ್ಕಾರದ ಕಡತಗಳಲ್ಲಿ ಅದು ಏಳು ವರ್ಷ ಕಾದಿತು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಕರ್ನಾಟಕ ದೇವದಾಸಿ (ತಡೆಗಟ್ಟುವಿಕೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ) ಮಸೂದೆಯನ್ನು ಅಂಗೀಕರಿಸಿತು. ಅರ್ಜಿ ನಮೂನೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂಬುದು ಅದರಲ್ಲಿದೆ. ಅದಕ್ಕಿಂತ ದೊಡ್ಡದು, ದೇವದಾಸಿಯ ಮಗ ಅಥವಾ ಮಗಳು ತನ್ನ ತಂದೆ ಇಂಥವನು ಎಂದು ಗುರುತಿಸಿಕೊಳ್ಳುವ, ಆತ ಒಪ್ಪದಿದ್ದರೆ ಕೋರ್ಟಿಗೆ ಹೋಗುವ, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು. ನೂರು ವರ್ಷದಲ್ಲಿ ಮೊದಲ ಸಲ ಕಾನೂನು ಆ ಗಂಡಸಿನ ಮನೆಯ ಕಡೆ ಮುಖ ಮಾಡಿದೆ.

ಉಚ್ಚಂಗಿದುರ್ಗದಲ್ಲಿ ಈಗ ಹುಣ್ಣಿಮೆ ಬಂದರೆ ಮುತ್ತು ಕಟ್ಟುವುದು ಅಪರಾಧ ಎಂಬ ಬ್ಯಾನರುಗಳು ಕಟ್ಟಿರುತ್ತವೆ, ಮೈಕಿನಲ್ಲಿ ಕೂಗುತ್ತಾರೆ, ಪೊಲೀಸರು ಕಾವಲಿರುತ್ತಾರೆ. ಗುಡ್ಡದ ಮೇಲೆ ಹಿಂದೆ ಬಹಿರಂಗವಾಗಿ ನಡೆಯುತ್ತಿದ್ದುದು ಕಡಿಮೆಯಾಗಿದೆ. ಕದ್ದು ನಡೆಯುವುದು ಮನೆಯೊಳಗೆ, ಬೇರೆ ಊರಿನಲ್ಲಿ, ಹುಣ್ಣಿಮೆಯಲ್ಲದ ದಿನ. ಅಲ್ಲಿಗೆ ಮುಖ್ಯ ಕಾರ್ಯದರ್ಶಿಯ ಸುತ್ತೋಲೆ ತಲುಪುವುದಿಲ್ಲ. ತಲುಪಬಹುದಾದವರು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು. ಏಳನೇ ತರಗತಿಯ ಹುಡುಗಿ ವಾರಗಟ್ಟಲೆ ಬರದಿದ್ದರೆ ಕೇರಿಗೆ ಹೋಗಿ ಕೇಳಬೇಕಾದವರು ಅವರೇ.

ತಂದೆತನದ ದಾವೆಗಳು ಸುಲಭವಲ್ಲ. ದೆಹಲಿಯ ರೋಹಿತ್ ಶೇಖರ್ ಹಿರಿಯ ರಾಜಕಾರಣಿ ಎನ್.ಡಿ. ತಿವಾರಿ ಅವರೇ ತನ್ನ ತಂದೆ ಎಂದು 2008ರಲ್ಲಿ ದಾವೆ ಹೂಡಿದಾಗ, ಡಿಎನ್‌ಎ ಪರೀಕ್ಷೆಯ ಫಲಿತಾಂಶ ಹೊರಬರಲು 2012ರವರೆಗೆ ಕಾಯಬೇಕಾಯಿತು. ರೋಹಿತ್‌ಗೆ ಓದು, ಹಣ, ತಾಯಿಯ ಬೆಂಬಲ ಎಲ್ಲ ಇತ್ತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೂಲಿ ಮಾಡುವವಳು ಅದೇ ಊರಿನ ಜಮೀನ್ದಾರನ ಮೇಲೆ ದಾವೆ ಹೂಡಬೇಕು. ಕೂಲಿ ಕೊಡುವವನೂ ಅವನೇ ಆಗಿರಬಹುದು. 46,660ರ ಪಟ್ಟಿಯಲ್ಲಿರುವ ತಾಯಂದಿರಲ್ಲಿ ಬಹಳಷ್ಟು ಮಂದಿಗೆ ವಯಸ್ಸಾಗಿದೆ. ಅವರನ್ನು ಇಟ್ಟುಕೊಂಡಿದ್ದ ಗಂಡಸರಲ್ಲಿ ಎಷ್ಟೋ ಜನ ಸತ್ತಿದ್ದಾರೆ, ಅವರ ಹೊಲಗಳು ಪಾಲಾಗಿ ಪಹಣಿಗಳು ಅಣ್ಣತಮ್ಮಂದಿರ ಹೆಸರಿಗೆ ಏರಿವೆ. ದಾವೆ ಬೀಳುವುದು ಆ ಅಣ್ಣತಮ್ಮಂದಿರ ಮೇಲೆ. ಅಂಥ ದಾವೆಗಳು ಬರುವುದು ದೆಹಲಿಗಲ್ಲ, ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಸಿವಿಲ್ ಕೋರ್ಟುಗಳಿಗೆ. ಅಲ್ಲಿ ವಕಾಲತ್ತು ಹಾಕುವವರು ಬೇಕು, ಊರಿನ ದೊಡ್ಡವರ ಮುನಿಸಿಗೆ ಹೆದರದವರು ಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡಬೇಕು. ಅದಕ್ಕೆ ಅರ್ಜಿ ಹಾಕಬೇಕಾದದ್ದು ಅದೇ ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ.